ನಡುಗಟ್ಟದ ಬಾಗಿಲು ಕಾದ ಕುಪ್ಪು ಗೌಡ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಹೊಳೆ ಇನ್ನೇನು ಸಮುದ್ರ ಸೇರಬೇಕು ಅನ್ನುವಲ್ಲಿ ಒಂದು ಊರಿತ್ತು, ನಡುಗಟ್ಟ ಅಂತ. ಆ ಊರಲ್ಲಿ ಕುಪ್ಪು ಗೌಡ ಅಂತ ಒಬ್ಬ ಇದ್ದ. ಊರಿಗೆ ಒಂದೇ ಗಜನಿ, ಗಜನಿಗೆ ಒಂದೇ ಬಾಗಿಲು, ಬಾಗಿಲಿಗೆ ಒಬ್ಬನೇ ಕುಪ್ಪು.

ಗಜನಿ ಅಂದರೆ ಹೊಳೆಯಂಚಿನ ತಗ್ಗು ಗದ್ದೆ. ಸಮುದ್ರ ಉಬ್ಬಿದಾಗ ಉಪ್ಪುನೀರು ಹೊಳೆ ಹತ್ತಿ ಬರುತ್ತದೆ, ಇಳಿದಾಗ ಹಿಂದೆ ಹೋಗುತ್ತದೆ. ಅದನ್ನು ತಡೆಯುವುದಕ್ಕೆ ಸುತ್ತಲೂ ಮಣ್ಣಿನ ಕಟ್ಟ. ಕಟ್ಟದ ಹೊರಮೈಗೆ ಕಾಂಡ್ಲ ಗಿಡಗಳ ಹಿಂಡು, ಬೇರುಗಳನ್ನು ಬೆರಳಿನ ಹಾಗೆ ಕೆಸರಲ್ಲಿ ಊರಿಕೊಂಡು ನಿಂತಿರುತ್ತವೆ. ಕಟ್ಟದ ನಡುವೆ ಹಲಗೆಯ ಬಾಗಿಲು. ಮಳೆಗಾಲ ಹಿಡಿಯುವ ಹೊತ್ತಿಗೆ ಬಾಗಿಲು ಹಾಕಬೇಕು. ಮಳೆನೀರು ಗದ್ದೆಯ ಉಪ್ಪು ತೊಳೆದ ಮೇಲೆ ಕಗ್ಗ ಬಿತ್ತಬೇಕು. ಕಗ್ಗ ಅಂದರೆ ಉಪ್ಪಿಗೆ ಹೆದರದ ಬತ್ತ. ಆಳೆತ್ತರ ಬೆಳೆಯುತ್ತದೆ, ಗೊಬ್ಬರ ಕೇಳುವುದಿಲ್ಲ, ನೆರೆ ಬಂದರೂ ತಲೆ ಎತ್ತಿಕೊಂಡೇ ಇರುತ್ತದೆ. ಕೊಯ್ಲಾದ ಮೇಲೆ ಬಾಗಿಲು ತೆಗೆಯಬೇಕು. ಆಗ ಉಬ್ಬರದ ಜೊತೆ ಮೀನು, ಏಡಿ, ಸಿಗಡಿ ಒಳಗೆ ಬಂದು, ಕೊಯ್ದುಳಿದ ಬತ್ತದ ಕೂಳೆ ನಡುವೆ ಬೆಳೆಯುತ್ತವೆ. ಸಿಗಡಿಗೆ ಆ ಕಡೆ ಶೆಟ್ಲಿ ಅಂತಾರೆ. ಮಳೆಗಾಲಕ್ಕೆ ಅನ್ನ, ಆಮೇಲೆ ಶೆಟ್ಲಿ. ಬಾಗಿಲು ಯಾವ ದಿನ ಹಾಕುವುದು, ಯಾವ ದಿನ ತೆಗೆಯುವುದು ಅಂತ ಹೇಳುವವನು ಕುಪ್ಪು. ಅವನ ಅಪ್ಪನೂ ಅದನ್ನೇ ಹೇಳಿದವನು, ಅಜ್ಜನೂ ಅದನ್ನೇ ಹೇಳಿದವನು.

ಕುಪ್ಪುವಿನ ಬಗ್ಗೆ ಏನೇನೋ ಹೇಳ್ತಾರೆ. ಒಂದು ಬೊಗಸೆ ನೀರು ಬಾಯಿಗೆ ಹಾಕಿ ಉಗುಳಿದರೆ ಸಾಕು, ಹೊಳೆಯ ಬಾಯಲ್ಲಿ ಯಾವ ಮೀನಿನ ಹಿಂಡು ನಿಂತಿದೆ ಅಂತ ಹೇಳುತ್ತಿದ್ದನಂತೆ. ಒಂದು ವರ್ಷ ನೆರೆಗೆ ಬಾಗಿಲ ಹಲಗೆ ಒಡೆದಾಗ ತಾನೇ ಹಲಗೆಯ ಹಾಗೆ ಬೆನ್ನು ಕೊಟ್ಟು ನಿಂತನಂತೆ. ಎರಡು ಉಬ್ಬರ ನಿಂತ ಅಂತ ಕೆಲವರು, ಮೂರು ದಿನ ನಿಂತ ಅಂತ ಕೆಲವರು. ಅವನ ಮೊಮ್ಮಗಳ ಮಗಳು ಒಬ್ಬಳಿದ್ದಳು, ಅವಳನ್ನು ಕೇಳಿದರೆ, ಏಳು ದಿನ! ಇರಲಿ. ನಿಂತಿದ್ದಂತೂ ಹೌದು.

ಮಾತು ಕಮ್ಮಿ ಅವನದ್ದು. ಅವನ ಪಾಲಿನ ಮಾತನ್ನೂ ಸೇರಿಸಿ ಆಡುವವಳು ಅವನ ಹೆಂಡತಿ ಬುದವಂತಿ. ಇಬ್ಬರಿಗೆ ಒಬ್ಬಳು ಮಗಳು, ಕೊಟ್ಟು ಕಳಿಸಿಯಾಗಿತ್ತು. ಹುಲ್ಲಿನ ಮಾಡಿನ ಮನೆ. ಪ್ರತಿ ಮಳೆಗಾಲ ಮಾಡು ಸೋರುತ್ತಿತ್ತು, ಪ್ರತಿ ಮಳೆಗಾಲ ಬುದವಂತಿ ಪಾತ್ರೆ ಇಟ್ಟು ಇಟ್ಟು ಬೈಯುತ್ತಿದ್ದಳು. ಕುಪ್ಪು ಕೇಳಿಸಿಕೊಳ್ಳುತ್ತಿದ್ದ.

ಒಂದು ವರ್ಷ ಬಂದರಿನಿಂದ ಒಬ್ಬ ಸಾವ್ಕಾರ ಬಂದ. ಕೆಟ್ಟವನೇನಲ್ಲ, ತೂಕದಲ್ಲಿ ಮೋಸ ಮಾಡಿದವನಲ್ಲ. ನಡುಗಟ್ಟದ ಶೆಟ್ಲಿ ತಿಂದು ನೋಡಿ ಮರುಳಾಗಿ ಬಂದವನು. ಊರ ಹಿರಿಯ ಹಮ್ಮು ಗೌಡನ ಜಗಲಿಯಲ್ಲಿ ಕೂತು ಅವನು ಹೇಳಿದ್ದು ಇಷ್ಟೇ. ವರ್ಷವಿಡೀ ಶೆಟ್ಲಿ ಕೊಡಿ, ವರ್ಷವಿಡೀ ದುಡ್ಡು ಕೊಡುತ್ತೇನೆ. ಬತ್ತ ಬೆಳೆದು ಎಷ್ಟು ಸಿಗುತ್ತದೆ ನಿಮಗೆ? ಅರ್ಧ ಹಕ್ಕಿ ತಿನ್ನುತ್ತದೆ, ಉಳಿದದ್ದು ನೀವು ತಿನ್ನುತ್ತೀರಿ. ಬಾಗಿಲು ತೆಗೆದೇ ಇಡಿ.

ಊರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಕುಪ್ಪುವಿನ ಮುಖ ನೋಡಿದರು. ಹಮ್ಮು ಗೌಡ ಕೇಳಿದ, "ಎಂತ ಹೇಳ್ತೆ ಕುಪ್ಪು? ಬಾಗಿಲು ನಿಂದು."

ಕುಪ್ಪು ಬೇಡ ಅನ್ನಬಹುದಿತ್ತು. ಅವನು ಬೇಡ ಅಂದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಅವನ ಕಣ್ಣೆದುರು ಬಂದದ್ದು ಬುದವಂತಿ ಇಟ್ಟ ಪಾತ್ರೆಗಳು, ಅವುಗಳಲ್ಲಿ ತೊಟ್ಟಿಕ್ಕುವ ನೀರು. ಬೆಳೆ ಹಾಲುಗಟ್ಟುವ ಸಮಯ ಅದು. ಅವನು ಎದ್ದ, ಕಟ್ಟಕ್ಕೆ ಹೋದ, ಒಂದೊಂದೇ ಹಲಗೆ ಎತ್ತಿದ. ಉಪ್ಪುನೀರು ಬತ್ತದ ಬುಡಕ್ಕೆ ಹೋಗುವುದನ್ನು ನೋಡುತ್ತಾ ನಿಂತ. ಅವತ್ತು ಕುಪ್ಪು ನೀರು ಬಾಯಿಗೆ ಹಾಕಲಿಲ್ಲ ಅಂತಾರೆ.

ಮೊದಲ ವರ್ಷ ಏನು ಹೇಳಲಿ! ಬಲೆ ಎತ್ತಿದರೆ ಶೆಟ್ಲಿ, ಇಳಿಸಿದರೆ ಶೆಟ್ಲಿ. ಊರಲ್ಲಿ ಹಂಚಿನ ಮನೆಗಳೆದ್ದವು. ಕುಪ್ಪುವಿನ ಮನೆಗೂ ಹಂಚು ಬಂತು. ಮಳೆ ಹೊರಗೆ ಸುರಿಯುತ್ತಿದ್ದರೆ ಬುದವಂತಿ ಒಳಗೆ ಒಣಗಿದ ನೆಲದಲ್ಲಿ ಕಾಲು ಚಾಚಿ ಕೂತು, ಬೈಯುವುದಕ್ಕೆ ಏನೂ ಸಿಗದೆ, ಸುಮ್ಮನೆ ನಕ್ಕಳಂತೆ. ಆ ನಗು ನೋಡಿ ಕುಪ್ಪುವಿಗೆ ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಆಯಿತು.

ಎರಡನೆಯ ವರ್ಷ ಕೆರೆಯ ಹಾಗಿದ್ದ ಗಜನಿ ಸಾಲದು ಅನಿಸಿತು. ಕಟ್ಟದ ಹೊರಗಿನ ಕಾಂಡ್ಲ ಕಡಿದು ಇನ್ನಷ್ಟು ಜಾಗ ಮಾಡಿದರು. ಕೂಡಲೇ ಹೊಳೆಯ ತೆರೆ ಬಂದು ಕಟ್ಟದ ಮಣ್ಣನ್ನೇ ನೆಕ್ಕತೊಡಗಿತು, ವಾರಕ್ಕೊಮ್ಮೆ ಕಟ್ಟಕ್ಕೆ ಮಣ್ಣು ಹೊರುವುದೇ ಒಂದು ಕೆಲಸವಾಯಿತು. ಶೆಟ್ಲಿ ಬಂತು, ಆದರೆ ಹೋದ ವರ್ಷದಷ್ಟಿಲ್ಲ.

ಮೂರನೆಯ ವರ್ಷ ಬಲೆ ಹಗುರಾಯಿತು. ಬಂದ ಶೆಟ್ಲಿಯ ಸಿಪ್ಪೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಒಳಗೆ ಮಾಂಸವೇ ಇಲ್ಲ. ಸಾವ್ಕಾರ ಬುಟ್ಟಿ ನೋಡಿ ತಲೆ ಆಡಿಸಿದ. ನೀರು ಕೆಟ್ಟಿತು ಅಂದರು ಕೆಲವರು. ಯಾರದ್ದೋ ಕಣ್ಣು ಬಿತ್ತು ಅಂದರು ಕೆಲವರು. ಮನೆಯಲ್ಲಿ ಬತ್ತವೂ ಇಲ್ಲ. ಎಲ್ಲರೂ ಅಂಗಡಿ ಅಕ್ಕಿ ತಿನ್ನುತ್ತಿದ್ದರು, ಅದನ್ನೂ ಈಗ ಅಳೆದು ಅಳೆದು ಬೇಯಿಸುವ ಹಾಗಾಯಿತು.

ಒಂದು ದಿನ ಕುಪ್ಪು ಕಟ್ಟದ ಮೇಲೆ ಹೋಗಿ ಕೂತ. ಮೂರು ವರ್ಷದ ಮೇಲೆ ಮೊದಲ ಸಲ ಬೊಗಸೆ ನೀರು ಬಾಯಿಗೆ ಹಾಕಿದ. ಉಪ್ಪಿತ್ತು. ಉಪ್ಪು ಬಿಟ್ಟು ಬೇರೇನೂ ಇರಲಿಲ್ಲ. ಮೊದಲೆಲ್ಲ ಆ ನೀರಲ್ಲಿ ಕೊಳೆತ ಹುಲ್ಲಿನ ರುಚಿ ಇರುತ್ತಿತ್ತು, ಕಾಂಡ್ಲದ ಎಲೆಯ ಒಗರು ಇರುತ್ತಿತ್ತು. ಅದನ್ನೇ ತಿಂದು ಶೆಟ್ಲಿ ಕೊಬ್ಬುತ್ತಿದ್ದದ್ದು. ಮೊದಲ ವರ್ಷ ಬಂದದ್ದು ಹಿಂದಿನ ಎಷ್ಟೋ ವರ್ಷದ ಕೂಳೆಯ ಋಣ. ಅದು ತೀರಿತ್ತು.

ಮನೆಗೆ ಬಂದು ಬುದವಂತಿಗೆ ಹೇಳಿದ, "ಬಾಗಿಲು ತೆಗೆದದ್ದು ನನ್ನ ಕೈ."

ಬುದವಂತಿ ಅಂದಳು, "ಹಂಚು ಬೇಕು ಅಂದದ್ದು ನನ್ನ ಬಾಯಿ. ಈಗ ಎಂತ ಮಾಡೂದು, ಅದನ್ನ ಹೇಳಿ."

ಬತ್ತ ಬಿತ್ತಬೇಕು ಅಂದ. ಆದರೆ ಬಾಗಿಲು ಹಾಕಿ ಅಂದರೆ ಊರು ಒಪ್ಪುವುದಿಲ್ಲ, ಇದ್ದಷ್ಟು ಶೆಟ್ಲಿಯೂ ಹೋಗುತ್ತದೆ ಅನ್ನುತ್ತಾರೆ. ಅದಕ್ಕೆ ಅವನು ಒಂದು ಉಪಾಯ ಹುಡುಕಿದ. ಅವನ ಪಾಲಿನ ಗದ್ದೆ ಗಜನಿಯ ಮೇಲ್ಮೂಲೆಯಲ್ಲಿತ್ತು, ಗುಡ್ಡದ ಸಿಹಿನೀರಿನ ಹಳ್ಳ ಅಲ್ಲೇ ಬಂದು ಬೀಳುತ್ತಿತ್ತು. ಆ ಮೂಲೆಗೆ ಮಾತ್ರ ಒಳಗಿಂದ ಒಂದು ಸಣ್ಣ ಕಟ್ಟ ಹಾಕಿ, ತನ್ನದೇ ಒಂದು ಗೇಣು ಅಗಲದ ಬಾಗಿಲು ಇಟ್ಟ. ಗಂಡ ಹೆಂಡತಿ ಇಬ್ಬರೇ ಮಣ್ಣು ಹೊತ್ತರು. ಊರಿನವರು ನೋಡಿ ನಕ್ಕರು, ಅಡ್ಡ ಬರಲಿಲ್ಲ.

ಬೀಜ ಎಲ್ಲಿಂದ? ನಡುಗಟ್ಟದಲ್ಲಿ ಒಂದು ಕಾಳು ಕಗ್ಗ ಉಳಿದಿರಲಿಲ್ಲ. ಬುದವಂತಿ ದೋಣಿ ಹತ್ತಿ ಹೊಳೆಯಾಚೆ ತವರುಮನೆಗೆ ಹೋದಳು. ಅಲ್ಲಿ ಅವಳ ಅತ್ತಿಗೆ ಕಾಲಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟು, ಆಮೇಲೆ ಕೇಳಿದಳು, "ನಿಮ್ದೆಲ್ಲ ಈಗ ಹಂಚಿನ ಮನೆ ಅಲ್ದೇನೆ? ನಮ್ಮ ಈ ಕೆಂಪು ಬತ್ತ ನಿಮಗೆಂತಕ್ಕೆ?"

ಬುದವಂತಿ ಹೊಳೆಯಲ್ಲಿ ಇಡೀ ದಾರಿ ಉತ್ತರ ಹೊಂದಿಸಿಕೊಂಡು ಬಂದಿದ್ದಳು. ಅದೆಲ್ಲ ಬಿಟ್ಟು "ಹಸಿವೆ ಅತ್ತಿಗೆ," ಅಂದಳು. ಅಷ್ಟು ಮಾತಿನ ಹೆಂಗಸು ಅಷ್ಟೇ ಅಂದಳು. ಅತ್ತಿಗೆ ಮತ್ತೆ ಏನೂ ಕೇಳದೆ ಒಂದು ಬುಟ್ಟಿ ತುಂಬಿ ಕೊಟ್ಟಳು.

ಬೀಜ ನೆನೆಸಿ, ಮೊಳಕೆ ಬರಿಸಿ, ಬಿತ್ತಿದರು. ಕಗ್ಗ ಬಂತು. ಸುತ್ತ ಉಪ್ಪುನೀರು, ನಡುವೆ ಅಂಗಳದಷ್ಟು ಹಸಿರು. ಗಂಡ ಹೆಂಡತಿ ದಿನಾ ಹೋಗಿ ನೋಡಿ ಬರುತ್ತಿದ್ದರು. ಊರಿನ ಕೆಲವು ಹೆಂಗಸರೂ ನೀರಿಗೆ ಹೋಗುವ ನೆಪದಲ್ಲಿ ಬಂದು ಒಂದು ಗಳಿಗೆ ನಿಂತು ಹೋಗುತ್ತಿದ್ದರು.

ತೆನೆ ಬಾಗಿತು. ಹಕ್ಕಿ ಬಂದವು.

ಹಕ್ಕಿ ಹಿಂದೆಯೂ ಬರುತ್ತಿದ್ದವು. ರಾಟವಾಳ, ಗೀಜಗ, ಗಿಳಿ, ಕಾಡುಬಾತು, ಎಲ್ಲಾ ಬಂದು ಒಂದಿಷ್ಟು ತಿಂದು ಹೋಗುತ್ತಿದ್ದವು. ಈ ಸಲ ಬಂದದ್ದು ಹಾಗಲ್ಲ. ಆಕಾಶವೇ ಇಳಿದು ಬಂದ ಹಾಗೆ ಬಂದವು ಅಂತಾರೆ. ಸೂರ್ಯ ಕಾಣಲಿಲ್ಲ ಅಂತಾರೆ. ಬುದವಂತಿ ಬಿದಿರು ಬಡಿದಳು, ಕೂಗಿದಳು. ಕುಪ್ಪು ಜೀವಮಾನದಲ್ಲಿ ಆಡದಷ್ಟನ್ನು ನಾಲ್ಕು ದಿನದಲ್ಲಿ ಕೂಗಿದ. ಈ ಬದಿ ಓಡಿಸಿದರೆ ಆ ಬದಿ ಇಳಿಯುತ್ತವೆ. ಇಬ್ಬರ ಗಂಟಲೂ ಕಟ್ಟಿಹೋಯಿತು.

ಸಾವ್ಕಾರ ಆ ದಾರಿಯಲ್ಲಿ ಬಂದವನು ನೋಡಿ ಮರುಗಿದ. ದೋಣಿಯಿಂದ ಸಣ್ಣ ಕಣ್ಣಿನ ಬಲೆ ತೆಗೆಸಿ ಕೊಟ್ಟ. "ಇದನ್ನ ಹಾಸಿ. ಎರಡು ದಿನ ಸಿಕ್ಕಿ ಸತ್ತರೆ ಮೂರನೇ ದಿನ ಒಂದೂ ಬರೂದಿಲ್ಲ," ಅಂದ.

ಕುಪ್ಪು ಹಾಸಿದ. ಅವನನ್ನು ದೇವರು ಮಾಡುವವರು ಈ ಮಾತು ಬಿಟ್ಟು ಕಥೆ ಹೇಳ್ತಾರೆ. ನಾನು ಬಿಡುವುದಿಲ್ಲ, ಹಾಸಿದ. ಬೆಳಗಾಗಿ ಹೋಗಿ ನೋಡಿದರೆ ಬಲೆ ತುಂಬ ಹಕ್ಕಿ, ರೆಕ್ಕೆ ಸಿಕ್ಕಿ, ಕಾಲು ಸಿಕ್ಕಿ, ಕೆಲವು ಸತ್ತು, ಬಹಳಷ್ಟು ಇನ್ನೂ ಒದ್ದಾಡುತ್ತಾ. ಬುದವಂತಿ ಗದ್ದೆಯಂಚಿಗೆ ಕೂತುಬಿಟ್ಟಳು. ಒಂದು ಹಕ್ಕಿಯನ್ನು ಕೈಗೆ ತೆಗೆದುಕೊಂಡು ಬಲೆಯ ದಾರ ಬಿಡಿಸಿದಳು. ಹಾರಿತು. ಇನ್ನೊಂದನ್ನು ಬಿಡಿಸಿದಳು.

"ಅದು ಮತ್ತೆ ಇಲ್ಲಿಗೇ ಬರ್ತದೆ," ಅಂದ ಕುಪ್ಪು.

"ಬರದೆ ಎಲ್ಲಿಗೆ ಹೋಗ್ಬೇಕು ಅದು?" ಅಂದಳು ಬುದವಂತಿ. ಗಂಟಲು ಕಟ್ಟಿ ಮಾತು ಪಿಸುಗುಟ್ಟಿದ ಹಾಗೆ ಬರುತ್ತಿತ್ತು. "ಸುತ್ತ ನೋಡಿ. ಇಡೀ ಊರಲ್ಲಿ ಬತ್ತ ಇರೂದು ನಮ್ದೊಂದೇ ಗದ್ದೆಲಿ. ಮೊದಲು ಎಲ್ಲರ ಗದ್ದೇಲೂ ಹಿಡಿ ಹಿಡಿ ತಿಂತಿದ್ವು, ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ ಊರಿನವರೆಲ್ಲರ ಪಾಲನ್ನ ನಾವೊಬ್ಬರೇ ಕೊಡ್ತಾ ಇದ್ದೇವೆ."

ಕುಪ್ಪು ಅವಳ ಪಕ್ಕದಲ್ಲಿ ಕೂತು ತಾನೂ ಬಿಡಿಸಿದ. ಮಧ್ಯಾಹ್ನದವರೆಗೆ ಇಬ್ಬರೂ ಅದೊಂದೇ ಕೆಲಸ ಮಾಡಿದರು. ಬಲೆ ಸುತ್ತಿ ಸಾವ್ಕಾರನ ದೋಣಿಗೆ ಕಳಿಸಿದರು.

ಕೊನೆಗೆ ಕೊಯ್ಲಿಗೆ ಸಿಕ್ಕಿದ್ದು ಎರಡು ಬುಟ್ಟಿ. ತಂದದ್ದು ಒಂದು, ಬೆಳೆದದ್ದು ಎರಡು! ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಮ್ಮು ಗೌಡನಂತೂ ಜಗಲಿಯಿಂದಲೇ ಕೂಗಿದನಂತೆ, "ಕುಪ್ಪು, ಹಬ್ಬದೂಟಕ್ಕೆ ನಮ್ಮನ್ನ ಕರೀತ್ಯಾ, ಹಕ್ಕಿನ್ನ ಮಾತ್ರ ಕರೀತ್ಯಾ?"

ಕುಪ್ಪು ಕೂಳೆ ಹಾಗೇ ಬಿಟ್ಟ. ಹಕ್ಕಿಗಳ ಹಿಕ್ಕೆ ಗದ್ದೆಯಲ್ಲಿ ಬೆಳ್ಳಗೆ ಬಿದ್ದಿತ್ತು, ಅದನ್ನೂ ಹಾಗೇ ಬಿಟ್ಟ. ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ತನ್ನ ಗೇಣಗಲದ ಬಾಗಿಲು ತೆಗೆದು ನೀರು ಬಿಟ್ಟುಕೊಂಡ. ಎರಡು ಅಮಾವಾಸ್ಯೆ ಕಾದ. ಊರ ಬಲೆಗಳಲ್ಲಿ ಹುಲ್ಲುಕಡ್ಡಿಯಂಥ ಶೆಟ್ಲಿ ಬರುತ್ತಿದ್ದಾಗ ಅವನು ತನ್ನ ಸಣ್ಣ ಬಾಗಿಲಿಗೆ ಬಲೆ ಕಟ್ಟಿ ಇಳಿತಕ್ಕೆ ನೀರು ಬಿಟ್ಟ.

ಎಷ್ಟು ಬಂತು ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ದೋಣಿ ಮುಳುಗುವಷ್ಟು ಅಂತಾರೆ. ಒಂದೊಂದು ಮೊಳದುದ್ದ ಅಂತಾರೆ. ಅಷ್ಟಿಲ್ಲದಿದ್ದರೂ ಹೆಬ್ಬೆರಳಿಗಿಂತ ದಪ್ಪ ಇತ್ತು, ಅಂಗಳದಷ್ಟು ಗದ್ದೆಯಿಂದ ಹಮ್ಮು ಗೌಡನ ಇಡೀ ಪಾಲಿಗಿಂತ ಹೆಚ್ಚಿತ್ತು. ಸಾವ್ಕಾರನೇ ಓಡಿ ಬಂದ. ಒಂದು ಶೆಟ್ಲಿ ಎತ್ತಿ ಸಿಪ್ಪೆ ಒಡೆದು ನೋಡಿದ, ಗದ್ದೆಗಿಳಿದು ಕೊಳೆತ ಕೂಳೆ ಎತ್ತಿ ಮೂಸಿ ನೋಡಿದ. ವ್ಯಾಪಾರಿ, ಅರ್ಥವಾಗುವುದಕ್ಕೆ ಹೊತ್ತು ಬೇಕಾಗಲಿಲ್ಲ. ಊರಿನವರ ಕಡೆ ತಿರುಗಿ ಅಂದ, "ನಿಮ್ಮ ಬತ್ತ ನಂಗೆ ಬೇಡ. ಆದ್ರೆ ಬತ್ತದ ಕೂಳೆ ತಿಂದ ಶೆಟ್ಲಿ ಬೇಕು. ವರ್ಷವಿಡೀ ಕೊಡಿ ಅಂತ ಇನ್ನು ಕೇಳೂದಿಲ್ಲ. ಆರು ತಿಂಗಳು ಕೊಡಿ, ಇಂಥದ್ದು ಕೊಡಿ."

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡಿರಾ? ಇಲ್ಲ. ಬಾಗಿಲು ಹಾಕುವ ಕಾಲ ಬಂತು. ಕುಪ್ಪು ಊರು ಕೂಡಿಸಿ, ತನ್ನ ಎರಡು ಬುಟ್ಟಿ ಬೀಜವನ್ನು ನಡುವೆ ಇಟ್ಟ. ಮನೆಗೊಂದು ಪಾಲು ಹಾಕಿದರೆ ಬರುವುದು ಕೆಲವೇ ಹಿಡಿ. ತೆಳ್ಳಗೆ ಬಿತ್ತಿ, ಬರುವ ವರ್ಷಕ್ಕೆ ಬೀಜವಾಗುತ್ತದೆ ಅಂದ. ಕಾಂಡ್ಲ ಇನ್ನು ಕಡಿಯುವುದು ಬೇಡ, ಕಡಿದಲ್ಲಿ ಅದರ ಕೋಡಿನಂಥ ಬೀಜ ಊರೋಣ ಅಂದ. ಮಳೆಗಾಲದಲ್ಲಿ ಕೈಗೆ ದುಡ್ಡು ಬೇಕಾದವರು ಕಾಂಡ್ಲದ ಬುಡದಲ್ಲಿ ಏಡಿ ಹಿಡಿಯಲಿ ಅಂದ. ಒಂದೇ ಒಂದು ಷರತ್ತು ಹಾಕಿದ. ಒಂದು ಮನೆಯೂ ಬಿತ್ತದೆ ಇರಬಾರದು. ಹತ್ತು ಜನ ಬಿತ್ತಿ ಉಳಿದವರು ಬಿಟ್ಟರೆ ಹಕ್ಕಿಯೆಲ್ಲ ಆ ಹತ್ತು ಜನರ ಮೇಲೆ ಬೀಳುತ್ತದೆ, ಅವರು ಮರುವರ್ಷ ಬಿತ್ತುವುದಿಲ್ಲ. ಎಲ್ಲರೂ ಬಿತ್ತಿದರೆ ಯಾರಿಗೂ ಭಾರವಿಲ್ಲ.

ಅವನು ಅಷ್ಟು ಮಾತಾಡಿದ್ದನ್ನು ಊರಿನವರು ಅದೇ ಮೊದಲು ಕೇಳಿದ್ದು. ಒಪ್ಪಿದರು. ಹಮ್ಮು ಗೌಡ ಒಬ್ಬ ಒಪ್ಪಲಿಲ್ಲ. ಅವನದು ಗಜನಿಯ ನಟ್ಟನಡುವಿನ ದೊಡ್ಡ ಪಾಲು. "ನಂಗೆ ಬರೂ ಶೆಟ್ಲಿ ಸಾಕು. ನನ್ನ ಗದ್ದೆಗೆ ಉಪ್ಪುನೀರೇ ಇರಲಿ," ಅಂದ. ನಡುವೆ ಉಪ್ಪುನೀರು ನಿಂತರೆ ಸುತ್ತಲಿನ ಗದ್ದೆ ಸಿಹಿಯಾಗುವುದು ಹೇಗೆ?

ಬಾಗಿಲು ಹಾಕುವುದು ಕುಪ್ಪುವಿನ ಕೈಯಲ್ಲಿತ್ತು. ಹಾಕಿಬಿಡು, ಅವನು ಏನು ಮಾಡಿಯಾನು, ಅಂತ ಊರಿನವರು ಹೇಳಿದರು. ಕುಪ್ಪು ಹಾಕಲಿಲ್ಲ. ಒಬ್ಬನ ಮಾತು ಮುರಿದು ಹಾಕಿದ ಬಾಗಿಲು ಎಷ್ಟು ದಿನ ನಿಲ್ಲುತ್ತದೆ ಅಂದ. ಮರುದಿನ ಬೆಳಿಗ್ಗೆ ಹೋಗಿ ಹಮ್ಮು ಗೌಡನ ಜಗಲಿಯ ಅಂಚಿಗೆ ಕೂತ. ಏನೂ ಮಾತಾಡಲಿಲ್ಲ. ಮಧ್ಯಾಹ್ನ ಎದ್ದು ಬಂದ. ಮರುದಿನ ಮತ್ತೆ ಹೋದ. ಹಮ್ಮು ಗೌಡ ಬೈದ, ಕುಪ್ಪು ಕೂತ. ಹಮ್ಮು ಗೌಡ ಎದ್ದು ಒಳಗೆ ಹೋದ, ಕುಪ್ಪು ಕೂತೇ ಇದ್ದ. ಒಂಬತ್ತು ದಿನ ಅಂತಾರೆ, ಒಂದು ತಿಂಗಳು ಅಂತಲೂ ಅಂತಾರೆ. ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು, ಊರಿನವರೆಲ್ಲ ಮೋಡ ನೋಡುತ್ತಿದ್ದರು, ಕುಪ್ಪು ಮಾತ್ರ ದಿನಾ ಜಗಲಿಗೆ ಹೋಗುವುದು ಬಿಡಲಿಲ್ಲ.

ಒಂದು ದಿನ ಹಮ್ಮು ಗೌಡ ಗಂಜಿಯ ಬಟ್ಟಲು ಹಿಡಿದುಕೊಂಡು ಹೊರಗೆ ಬಂದ. ಅಂಗಡಿ ಅಕ್ಕಿಯ ಗಂಜಿ. ಅದನ್ನು ಕುಪ್ಪುವಿನ ಮುಂದೆ ಇಟ್ಟು ಅಂದ, "ಏಳು ಮಾರಾಯ. ನಿನ್ನ ಮುಖ ನೋಡಿ ನೋಡಿ ನಂಗೆ ಇದು ಗಂಟಲಲ್ಲಿ ಇಳೀತಿಲ್ಲ. ಹೋಗಿ ಬಾಗಿಲು ಹಾಕು."

ಕುಪ್ಪು ಗಂಜಿ ಕುಡಿದ. ಬಟ್ಟಲು ತೊಳೆದಿಟ್ಟ. ಆಮೇಲೆ ಇಬ್ಬರೂ ಜೊತೆಗೇ ಕಟ್ಟಕ್ಕೆ ಹೋದರು. ಒಂದು ಹಲಗೆ ಕುಪ್ಪು ಇಳಿಸಿದರೆ ಇನ್ನೊಂದನ್ನು ಹಮ್ಮು ಗೌಡ ಇಳಿಸಿದ. ಕೊನೆಯ ಹಲಗೆ ಇಳಿಸಿ ಮಣ್ಣು ಮೆತ್ತುವಾಗ ಮಳೆ ಬಂತು ಅಂತಾರೆ. ಬಂದಿರಬಹುದು. ಬರುವ ಕಾಲವೇ ಅದು.

ಆ ವರ್ಷ ಬತ್ತ ತೆಳ್ಳಗೆ ಬಂತು, ಹಕ್ಕಿಯೂ ತೆಳ್ಳಗೆ ಹರಡಿಕೊಂಡವು. ಯಾರೂ ಬಿದಿರು ಬಡಿಯಲಿಲ್ಲ, ಅಷ್ಟು ತೊಂದರೆಯೇ ಆಗಲಿಲ್ಲ. ಮನೆ ಮನೆಗೂ ಬೀಜ ಉಳಿಯಿತು. ಮೂರು ವರ್ಷಕ್ಕೆ ಗಜನಿ ತುಂಬಿಕೊಂಡಿತು. ಶೆಟ್ಲಿ ಮೊದಲಿನ ಹಾಗಾಯಿತು, ಕಾಂಡ್ಲ ಮತ್ತೆ ಆಳೆತ್ತರ ಬಂತು. ಸಾವ್ಕಾರ ಕೊಟ್ಟ ದುಡ್ಡು ಮೊದಲ ವರ್ಷದ ಹುಚ್ಚು ದುಡ್ಡಿನಷ್ಟಿರಲಿಲ್ಲ. ಆದರೆ ಪ್ರತಿ ವರ್ಷ ಬಂತು.

ಕುಪ್ಪು ಗೌಡ ಕೊನೆಗೆ ಉಬ್ಬರದ ಜೊತೆ ನಡೆದುಹೋದ, ನೀರೇ ಆದ, ಅಂತ ಕೆಲವರು ಹೇಳ್ತಾರೆ. ನನಗೆ ಹೇಳಿದವರು ಹೇಳಿದ್ದು ಬೇರೆ. ಎಲ್ಲರ ಹಾಗೆ ಜ್ವರ ಬಂದು, ಚಾಪೆಯ ಮೇಲೆ, ಬುದವಂತಿ ಬೈಯುತ್ತಾ ಗಂಜಿ ಕುಡಿಸುತ್ತಿದ್ದಾಗ ಹೋದನಂತೆ. ನನಗೆ ಅದೇ ನಿಜ ಅನಿಸುತ್ತದೆ.

ಈಗಲೂ ನಡುಗಟ್ಟದಲ್ಲಿ ಬಾಗಿಲು ಹಾಕುವ ದಿನ ಒಂದು ಬುಟ್ಟಿ ಮನೆ ಮನೆಗೆ ಹೋಗುತ್ತದೆ. ಪ್ರತಿ ಮನೆಯವರೂ ಅದಕ್ಕೆ ಒಂದು ಹಿಡಿ ಬೀಜ ಹಾಕುತ್ತಾರೆ. ಕುಪ್ಪನ ಹಿಡಿ ಅಂತ ಅದಕ್ಕೆ ಹೆಸರು. ಬಂದರಿನ ಸಾವ್ಕಾರನ ಮನೆತನದವರು ಕಗ್ಗದ ಅನ್ನ ಬಾಯಿಗೂ ಹಾಕುವುದಿಲ್ಲ, ಅವರೂ ಪ್ರತಿ ವರ್ಷ ಯಾರಿಂದಲಾದರೂ ಕೊಂಡು ಒಂದು ಹಿಡಿ ಕಳಿಸುತ್ತಾರೆ. ಬಿತ್ತಲಾರದವರ ಗದ್ದೆಗೆ ಆ ಬೀಜ. ಕಾಯಿಲೆ ಬಿದ್ದವರು, ಊರು ಬಿಟ್ಟವರು, ಹಿಂದೆ ಮುಂದೆ ಯಾರೂ ಇಲ್ಲದವರು, ಯಾರದ್ದೇ ಇರಲಿ, ಗಜನಿಯಲ್ಲಿ ಒಂದು ಗದ್ದೆ ಖಾಲಿ ಬಿಡುವುದಿಲ್ಲ.

ಹೋದ ವರ್ಷ ಅಲ್ಲಿ ಒಬ್ಬಳ ಗಂಡ ಬಿತ್ತುವ ಹೊತ್ತಿಗೇ ತೀರಿಕೊಂಡ. ಸೂತಕ ಕಳೆದು ಅವಳು ಗದ್ದೆ ಕಡೆ ಹೋದಾಗ ಕಗ್ಗ ಆಗಲೇ ಗೇಣುದ್ದ ಬಂದಿತ್ತು. ಯಾರು ಬಿತ್ತಿದ್ದು ಅಂತ ಅವಳು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಕಟ್ಟದ ಮೇಲೆ ಸ್ವಲ್ಪ ಹೊತ್ತು ನಿಂತಳು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಗೆ ಇಳಿದಳು.